ಎರಡು ಬೆರಳಿನ ಕಮಾನು

ಊರಿನವರು ಅವನನ್ನು ಬೆಣೆ ಬಡಗಿ ಎಂದು ಕರೆಯುತ್ತಿದ್ದರು. ಹೆಸರಿಗೆ ತಕ್ಕ ಸ್ವಭಾವ. ಒಂದು ಮಾತಿಗೆ ಸಿಕ್ಕಿಕೊಂಡನೆಂದರೆ ಕೊಡತಿಯಿಂದ ನಾಲ್ಕು ಏಟು ಬಿಗಿಯದೆ ಹೊರಗೆ ಬರುವವನಲ್ಲ. ಆದರೆ ಹೆಸರು ಬಂದದ್ದು ಸ್ವಭಾವದಿಂದಲ್ಲ, ಕೆಲಸದಿಂದ. ಬೇರೆ ಬಡಗಿಗಳು ಮಾಡಿದ ಬಾಗಿಲು, ಮಂಚ, ತೊಟ್ಟಿಲು ಮೂರು ತಲೆಮಾರು ಬಾಳುತ್ತವೆ. ಇವನು ಹೆಚ್ಚಾಗಿ ಮಾಡುತ್ತಿದ್ದದ್ದು ಕಮಾನುಗಳಿಗೆ ಸೆಂಟ್ರಿಂಗು. ಕಲ್ಲಿನ ಕಮಾನು ಮೇಲಿನ ಕೊನೆಯ ಕಲ್ಲು ಕೂರುವವರೆಗೆ ತನ್ನ ಕಾಲ ಮೇಲೆ ನಿಲ್ಲಲಾರದು. ಅಲ್ಲಿಯವರೆಗೆ ಅದನ್ನು ಹೊತ್ತು ನಿಲ್ಲಲು ಅದೇ ಆಕಾರದ ಒಂದು ಮರದ ಕಮಾನು ಕೆಳಗೆ ಬೇಕು. ಆ ಮರದ ಕಮಾನನ್ನು ಕಂಬಗಳ ಮೇಲೆ ನಿಲ್ಲಿಸಿ, ಕಂಬದ ಬುಡಕ್ಕೆ ಜೋಡಿ ಬೆಣೆ ಹೊಡೆದು ಬಿಗಿ ಮಾಡುತ್ತಾರೆ. ಗಾರೆ ಒಣಗಿದ ಮೇಲೆ ಬೆಣೆಗಳನ್ನು ಮೆಲ್ಲಗೆ ಬಿಡಿಸಿದರೆ ಮರ ಕೆಳಗಿಳಿಯುತ್ತದೆ, ಕಲ್ಲು ಮೇಲೆ ನಿಲ್ಲುತ್ತದೆ. ನಿಲ್ಲಬೇಕು. ನಿಂತಿತೆಂದರೆ ಜನ ಕಲ್ಲಿನ ಕೆಲಸ ಮಾಡಿದ ಮೇಸ್ತ್ರಿಯನ್ನು ಹೊಗಳುತ್ತಾರೆ, ಮರವನ್ನು ಬಿಚ್ಚಿ ಒಲೆಗೆ ಹಾಕುತ್ತಾರೆ. ಜೀವಮಾನವೆಲ್ಲ ಒಲೆಗೆ ಹೋಗುವ ಕೆಲಸ ಮಾಡಿದವನಿಗೆ ಸ್ವಲ್ಪ ಬಿಗುಮಾನ ಇದ್ದರೆ ತಪ್ಪೇನು ಎಂದು ಅವನ ಅಕ್ಕ ಹೇಳುತ್ತಿದ್ದಳು.

ಅಕ್ಕನೆಂದರೆ ಅವನಿಗೆ ತಾಯಿಯೂ ಅವಳೇ. ಹೆತ್ತವಳು ಬೇಗ ಹೋದಳು. ಅಪ್ಪ ಬಡಗಿ, ಕಸುಬು ಕಲಿಸಿದ, ಅನ್ನ ಬೇಯಿಸಲು ಬರಲಿಲ್ಲ. ತಮ್ಮನಿಗೆ ಉಣಿಸಿ, ಬೈದು, ಮೂಗು ಒರೆಸಿ ಬೆಳೆಸಿದವಳು ಅಕ್ಕ. ಅಪ್ಪನಿಗೆ ಎರಡನೆಯ ಕೈ ಬೇಕಾದಾಗಲೆಲ್ಲ ಕೊಡತಿ ಹಿಡಿದವಳೂ ಅವಳೇ. ಅವಳನ್ನು ಮದುವೆಯಾದವನು ಊರಿನ ಮೇಸ್ತ್ರಿ. ಕಲ್ಲು, ಗಾರೆ, ತೂಗುಗುಂಡು ಬಿಟ್ಟರೆ ಪ್ರಪಂಚದಲ್ಲಿ ಬೇರೆ ಏನಿದೆ ಎಂದು ಕೇಳುವಂಥ ಮನುಷ್ಯ. ಭಾವ ಮೈದುನ ಇಬ್ಬರೂ ಸೇರಿ ಕಟ್ಟಿದ ಕಮಾನುಗಳು ಊರಲ್ಲಿ ಬೇಕಾದಷ್ಟಿದ್ದವು.

ಆಮೇಲೆ ಶಾಲೆಯ ಬಾಗಿಲಿನ ಪ್ರಸಂಗ ಬಂತು. ಬಡಗಿ ಮಾಡಿದ ಬಾಗಿಲು ಮೇಸ್ತ್ರಿ ಕಟ್ಟಿದ ಗೋಡೆಯಲ್ಲಿ ಮುಚ್ಚಲಿಲ್ಲ. ಗೋಡೆ ವಾಲಿದೆ ಎಂದ ಬಡಗಿ. ಮೇಸ್ತ್ರಿ ಆಳುಗಳ ಮುಂದೆ ನಕ್ಕು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದುಬಿಟ್ಟ. ಬಡಗಿ ಬಾಗಿಲನ್ನು ಕಳಚಿ ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಹೋದ. ಶಾಲೆಗೆ ಪರದೆ ಕಟ್ಟಿದರು. ಅವತ್ತಿನಿಂದ ಇಬ್ಬರ ನಡುವೆ ಮಾತು ನಿಂತಿತು. ಬಡಗಿಯ ಬಾಯಲ್ಲಿ 'ಭಾವ' ಹೋಗಿ 'ಆ ಮನುಷ್ಯ' ಬಂತು. ಇಬ್ಬರಿಗೂ ಬುದ್ಧಿ ಹೇಳಲು ಹೋದವರೆಲ್ಲ ಬೈಸಿಕೊಂಡು ಬಂದರು. ಅಕ್ಕ ಇಬ್ಬರಿಗೂ ಬೈದು ಸುಮ್ಮನಾದಳು.

ಹೀಗೆ ವರ್ಷಗಳು ಕಳೆದಿರುವಾಗ ಚರ್ಚಿನ ದೊಡ್ಡ ಕಮಾನು ಬಿರುಕು ಬಿಟ್ಟಿತು.

ಆ ಚರ್ಚು ಯಾರೋ ಒಬ್ಬರು ಕೂತು ಯೋಚಿಸಿ ಕಟ್ಟಿದ್ದಲ್ಲ. ಮೊದಲು ಅಲ್ಲಿ ಮಣ್ಣಿನ ಗೋಡೆಯ ಉದ್ದನೆಯ ಕೋಣೆಯೊಂದಿತ್ತು. ಪೂರ್ವದ ತುದಿಗೆ ಬಲಿಪೀಠ, ಪಶ್ಚಿಮದ ತುದಿಗೆ ಬಾಗಿಲು. ಆಮೇಲೆ ಬಂದವರಿಗೆ ಕಲ್ಲಿನ ಕಟ್ಟಡ ಬೇಕಾಯಿತು, ಆದರೆ ಪ್ರಾರ್ಥನೆ ಒಂದು ವಾರವೂ ನಿಲ್ಲಬಾರದು. ಹಾಗಾಗಿ ಮಣ್ಣಿನ ಕೋಣೆಯನ್ನು ಒಳಗೇ ಇಟ್ಟುಕೊಂಡು ಅದರ ಸುತ್ತ ಕಲ್ಲು ಕಟ್ಟಿದರು. ಕಲ್ಲು ಸೂರಿನ ಮಟ್ಟಕ್ಕೆ ಬಂದ ಮೇಲೆ ಒಳಗಿನ ಮಣ್ಣನ್ನು ಕೆಡವಿ ಬುಟ್ಟಿಗಳಲ್ಲಿ ಹೊತ್ತು ಹೊರಗೆ ಹಾಕಿದರು. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಗೂಡಿನಲ್ಲಿ ಒಬ್ಬರು ಕಾಲು ಮಡಚಿ ಕೂರಬಹುದು. ಕಿಟಕಿಗಳ ತಲೆಯೆಲ್ಲ ಅರ್ಧಚಂದ್ರ. ಬಾಗಿಲಿನ ತಲೆಯೂ ಹಾಗೆಯೇ. ಜನ ಕೂರುವ ಜಾಗಕ್ಕೂ ಬಲಿಪೀಠಕ್ಕೂ ನಡುವೆ ನಿಂತ ದೊಡ್ಡ ಕಮಾನೂ ಅರ್ಧಚಂದ್ರವೇ. ಗಂಟೆಗೋಪುರ ಮಾತ್ರ ಬಹಳ ತಡವಾಗಿ ಬಂತು. ಪಕ್ಕದ ಊರಿನ ಚರ್ಚಿಗೆ ಗೋಪುರವಿದೆ, ನಮಗಿಲ್ಲ ಎಂಬ ಹೊಟ್ಟೆಕಿಚ್ಚಿಗೆ ಕಟ್ಟಿದ್ದು ಅದು. ಹೊಟ್ಟೆಕಿಚ್ಚಿನಲ್ಲಿ ಕಟ್ಟುವಾಗ ಪಾಯ ಆಳವಾಗಿ ತೋಡುವ ತಾಳ್ಮೆ ಯಾರಿಗಿರುತ್ತದೆ? ಬಲಿಪೀಠದ ಪಕ್ಕದಲ್ಲೇ ನಿಂತ ಗೋಪುರದ ಭಾರಕ್ಕೆ ಆ ಬದಿಯ ನೆಲ ತಗ್ಗಿತು, ಅದರ ಜೊತೆಗೆ ಕಮಾನಿನ ಒಂದು ಕಾಲೂ ತಗ್ಗಿತು.

ಪಾದ್ರಿಗಳು ಗೋಪುರದ ತಲೆ ತೆಗೆಸಿದರು, ಪಾಯ ಗಟ್ಟಿ ಮಾಡಿಸಿದರು, ಚರ್ಚಿನ ಸೂರನ್ನೂ ಹಳೆಯ ಕಮಾನನ್ನೂ ಬಿಚ್ಚಿಸಿದರು. ಹೊಸ ಕಮಾನಿಗೆ ಊರಲ್ಲಿ ಇದ್ದದ್ದು ಅದೇ ಮೇಸ್ತ್ರಿ, ಅದೇ ಬಡಗಿ. ಇಬ್ಬರೂ ಒಪ್ಪಿದರು, ಒಂದು ಷರತ್ತಿನ ಮೇಲೆ. ಒಬ್ಬ ಕೆಲಸಕ್ಕೆ ಬಂದಾಗ ಇನ್ನೊಬ್ಬ ಅಲ್ಲಿರಬಾರದು.

"ಪಾದ್ರಿಗಳೇ, ಆ ಮನುಷ್ಯನಿಗೆ ಹೇಳಿ, ಸೆಂಟ್ರಿಂಗು ಮುಗಿದಿದೆ ಅಂತ," ಎಂದ ಬಡಗಿ ಒಂದು ದಿನ.

"ದೇವರಿಗೂ ನಿಮಗೂ ನಡುವೆ ಮಾತು ಮುಟ್ಟಿಸೋದು ನನ್ನ ಕೆಲಸ. ನಿಮ್ಮಿಬ್ಬರ ನಡುವೆ ಮುಟ್ಟಿಸೋದಲ್ಲ," ಎಂದರು ಪಾದ್ರಿಗಳು. ಆದರೂ ಮುಟ್ಟಿಸಿದರು.

ಮುಟ್ಟದೆ ಉಳಿದದ್ದು ಒಂದು ಮಾತು. ಬೆಣೆ ಬಿಡಿಸಿದಾಗ ಹೊಸ ಗಾರೆಯ ಕಮಾನು ನೆತ್ತಿಯಲ್ಲಿ ಒಂದು ಬೆರಳಿನಷ್ಟು ಕುಗ್ಗುತ್ತದೆ. ಆ ಕುಗ್ಗುವಿಕೆಗೆಂದು ಮರದ ಅಚ್ಚನ್ನೇ ನಡುವಿನಲ್ಲಿ ಒಂದು ಬೆರಳು ಎತ್ತರ ಮಾಡುವುದುಂಟು. ಹಿಂದೆಲ್ಲ ಅದನ್ನು ಇಬ್ಬರೂ ಮಾತಾಡಿಕೊಂಡು ಯಾರಾದರೊಬ್ಬರು ಮಾಡುತ್ತಿದ್ದರು. ಈ ಸಲ ಬಡಗಿ ಅಚ್ಚಿಗೆ ಒಂದು ಬೆರಳು ಕೂಡಿಸಿದ, ಹೇಳಿ ಕಳಿಸಲಿಲ್ಲ. ಬೇಕಾದರೆ ಆ ಮನುಷ್ಯನೇ ಕೇಳಲಿ ಎಂದುಕೊಂಡ. ಆ ಮನುಷ್ಯ ಕೇಳಲಿಲ್ಲ. ಕಲ್ಲು ಕೂರಿಸಿ, ನೆತ್ತಿಯ ಕಲ್ಲನ್ನೂ ಬಿಗಿದು, ಕೈ ತೊಳೆದುಕೊಂಡು ಮನೆಗೆ ಹೋದ. ಮರುವಾರ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು.

ಆ ಕಸುಬಿನಲ್ಲಿ ಒಂದು ಹಳೆಯ ರೂಢಿ ಇದೆ. ಬೆಣೆ ಬಿಡಿಸುವ ದಿನ ಕಮಾನು ಕಟ್ಟಿದವನು ಅದರ ಕೆಳಗೆ ನಿಲ್ಲಬೇಕು. ತನ್ನ ಕೆಲಸದ ಮೇಲೆ ತನಗೇ ನಂಬಿಕೆ ಇಲ್ಲದಿದ್ದರೆ ಬೇರೆಯವರು ಅದರಡಿ ಯಾಕೆ ಕೂರಬೇಕು ಎಂಬುದು ಅದರ ಅರ್ಥ. ಮೇಸ್ತ್ರಿ ಹಾಸಿಗೆ ಹಿಡಿದಿದ್ದ. ಮಳೆಗಾಲ ಹತ್ತಿರ ಬಂದಿತ್ತು. ಅಷ್ಟರೊಳಗೆ ಸೂರು ಹಾಕಬೇಕು, ಸೂರು ಹಾಕಲು ಸೆಂಟ್ರಿಂಗು ತೆಗೆಯಬೇಕು. ಪಾದ್ರಿಗಳು ದಿನ ಗೊತ್ತು ಮಾಡಿದರು. ಮೇಸ್ತ್ರಿಯ ಬದಲು ತಾನು ನಿಲ್ಲುತ್ತೇನೆ ಎಂದು ಅಕ್ಕ ಹೇಳಿ ಕಳಿಸಿದಳು.

ಹಿಂದಿನ ದಿನ ಬಡಗಿ ಕೊನೆಯ ಸಲ ನೋಡಿಬರಲು ಸೆಂಟ್ರಿಂಗಿನ ತಲೆಗೆ ಹತ್ತಿದ. ಹಲಗೆಗೂ ಕಲ್ಲಿಗೂ ನಡುವೆ ಏನೋ ಕಂಡಿತು. ಬಗ್ಗಿ ನೋಡಿದ. ತಾನು ಕೀಸಿದ್ದಲ್ಲದ ಮರ. ನೆತ್ತಿಯ ಉದ್ದಕ್ಕೂ ಯಾರೋ ಪಟ್ಟಿಗಳನ್ನು ಹೊಂದಿಸಿ, ಅದರ ಮೇಲೆ ಕಲ್ಲು ಕೂರಿಸಿದ್ದರು. ಹೊರಗೆ ಚಾಚಿದ್ದ ಒಂದು ತುದಿಯನ್ನು ಮುರಿದುಕೊಂಡು ಕೈಯಲ್ಲಿ ಹಿಡಿದ. ಸರಿಯಾಗಿ ಒಂದು ಬೆರಳು ದಪ್ಪವಿತ್ತು.

ಮೊದಲು ಬಂದದ್ದು ಸಿಟ್ಟು. ಬಡಗಿಗೆ ಕಸುಬು ಗೊತ್ತಿಲ್ಲ, ಮರೆತಿದ್ದಾನೆ, ನಾನೇ ಸರಿ ಮಾಡುತ್ತೇನೆ ಅಂದುಕೊಂಡನಲ್ಲ ಆ ಮನುಷ್ಯ. ಸಿಟ್ಟಿನ ಬೆನ್ನಿಗೇ ಹೆದರಿಕೆ ಬಂತು. ಇವನೊಂದು ಬೆರಳು, ಅವನೊಂದು ಬೆರಳು. ಕಲ್ಲುಗಳನ್ನು ಕಡೆದದ್ದು ಅರ್ಧಚಂದ್ರಕ್ಕೆ, ಅವು ಕೂತಿರುವುದು ಬೇರೆ ಯಾವುದೋ ಬಾಗಿನ ಮೇಲೆ. ನೆತ್ತಿಯಲ್ಲಿ ಕಲ್ಲಿಗೆ ಕಲ್ಲು ಮೈತುಂಬ ತಾಗಿದೆಯೋ, ಬರಿಯ ಅಂಚು ತಾಗಿದೆಯೋ? ಅಂಚಷ್ಟೇ ತಾಗಿದ್ದರೆ, ಭಾರ ಬಿದ್ದಾಗ ಅಂಚು ಪುಡಿಯಾದರೆ? ನಾಳೆ ಬೆಣೆ ಬಿಡಿಸುವವನು ತಾನು. ಕೆಳಗೆ ನಿಲ್ಲುವವಳು ಅಕ್ಕ.

ಇಳಿದವನು ನೇರವಾಗಿ ಅಕ್ಕನ ಮನೆಗೆ ಹೋದ. ವರ್ಷಗಳಿಂದ ತುಳಿಯದ ಹೊಸ್ತಿಲು. ಮೇಸ್ತ್ರಿ ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದ. ಕಿಟಕಿಯಿಂದ ತಲೆ ಹೋದ ಗೋಪುರ ಕಾಣುತ್ತಿತ್ತು. ಬಾಯಿಯ ಒಂದು ತುದಿ ಜೋತುಬಿದ್ದಿತ್ತು. ಬಡಗಿ ಮರದ ಚೂರನ್ನು ಮುಂದೆ ಹಿಡಿದ.

"ಇದನ್ನ ನೀವು ಇಟ್ಟಿದ್ದಾ?"

ಮೇಸ್ತ್ರಿ ಚೂರನ್ನು ನೋಡಿದ. ಎಡಗೈಯ ತೋರುಬೆರಳನ್ನು ಮೇಲೆತ್ತಿದ. ಒಂದು ಬೆರಳು.

"ನಾನೂ ಒಂದು ಬೆರಳು ಇಟ್ಟಿದ್ದೆ," ಎಂದ ಬಡಗಿ.

ಮೇಸ್ತ್ರಿಯ ಕಣ್ಣುಗಳು ಅಗಲವಾದವು. ಗಂಟಲಿನಿಂದ ಗೊರಗೊರ ಸದ್ದು ಬಂತು. ಎಡಗೈ ಬಂದು ಬಡಗಿಯ ಮಣಿಕಟ್ಟನ್ನು ಹಿಡಿಯಿತು. ಅಷ್ಟು ಬಲ ಅದರಲ್ಲಿ ಇನ್ನೂ ಇದೆಯೆಂದು ಬಡಗಿಗೆ ಗೊತ್ತಿರಲಿಲ್ಲ. ಮೇಸ್ತ್ರಿ ಆ ಹಿಡಿತದ ಆಸರೆಯಲ್ಲಿ ಮಂಚದಿಂದ ಏಳಲು ನೋಡುತ್ತಿದ್ದ.

"ನಿಲ್ಲುತ್ತಾ? ಅಷ್ಟು ಹೇಳಿ ಸಾಕು. ಹೌದು ಅಂದ್ರೆ ಒಂದು ಸಲ ಅಮುಕಿ."

ಕೈ ನಡುಗುತ್ತಲೇ ಇತ್ತು. ಅದು ಹೌದೋ, ಅಲ್ಲವೋ, ಬರಿಯ ನಡುಕವೋ, ಬಡಗಿಗೆ ತಿಳಿಯಲಿಲ್ಲ. ಮಾತಾಡಬಹುದಾಗಿದ್ದ ದಿನಗಳಲ್ಲೆಲ್ಲ ಮಾತಾಡದೆ, ಈಗ ಮಾತು ಸತ್ತ ಬಾಯಿಯ ಮುಂದೆ ಕೂತು ಉತ್ತರ ಬೇಡುತ್ತಿದ್ದೇನೆ ಎನ್ನಿಸಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಕ್ಕ ಗಂಡನನ್ನು ಮಲಗಿಸಿ, ತಮ್ಮನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಅವನು ಎಲ್ಲವನ್ನೂ ಹೇಳಿದ.

"ನೀನು ನಾಳೆ ನಿಲ್ಬೇಡ ಅಕ್ಕ."

"ಬೀಳುತ್ತೆ ಅಂತೀಯಾ?"

"ಗೊತ್ತಿಲ್ಲ."

"ಬೀಳುತ್ತೆ ಅನ್ನೋದಾದ್ರೆ ಈಗಲೇ ಪಾದ್ರಿಗಳ ಹತ್ರ ಹೋಗು, ಕೆಡವಿಸು. ಗೊತ್ತಿಲ್ಲ ಅನ್ನೋದಾದ್ರೆ ನಾನು ನಿಲ್ತೀನಿ."

"ಯಾಕಕ್ಕ ಈ ಹಟ? ರೂಢಿ ಅಂತ ಪ್ರಾಣ ಕೊಡ್ತಾರಾ ಯಾರಾದ್ರೂ?"

"ರೂಢಿಗಲ್ಲ ಕಣೋ. ಅವರು ದಿನಾ ಬೆಳಿಗ್ಗೆ ಎದ್ದು ಅಲ್ಲಿಗೆ ಹೋಗೋಕೆ ನೋಡ್ತಾರೆ. ಮೊನ್ನೆ ಮಂಚದಿಂದ ಬಿದ್ರು. ತೆವಳಿಕೊಂಡು ಹೊಸ್ತಿಲ ತನಕ ಹೋಗಿದ್ರು. ನಾನು ನಿಲ್ತೀನಿ ಅಂದ ಮೇಲೆ ಸುಮ್ಮನಾಗಿದ್ದಾರೆ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾಳೆ ಯಾರೂ ನಿಲ್ಲಲಿಲ್ಲ ಅಂತ ಗೊತ್ತಾದ್ರೆ ಇನ್ನು ಬದುಕೋದಿಲ್ಲ ಅವರು."

ಬಡಗಿಗೆ ಬಿಸಿತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು. ಪಾದ್ರಿಗಳಿಗೆ ಹೇಳಿದರೆ ಕಮಾನು ಉರುಳುತ್ತದೆ. ಅದರ ಹಿಂದೆಯೇ ಅದನ್ನು ಕಟ್ಟಿದವನೂ ಹೋಗುತ್ತಾನೆ. ಹೇಳದಿದ್ದರೆ ಅಕ್ಕ. ಮನೆಗೆ ಹೋಗಿ, ಉಣ್ಣದೆ ಕೂತು, ಕೊನೆಗೆ ಒಂದು ಉಪಾಯ ಮಾಡಿದ. ಬೆಳಕು ಹರಿಯುವಾಗಲೇ, ಜನ ಬರುವ ಮೊದಲೇ, ತಾನೊಬ್ಬನೇ ಹೋಗಿ ಬೆಣೆಗಳನ್ನು ಬಿಡಿಸಿಬಿಡುವುದು. ಕಮಾನು ನಿಂತರೆ ಮತ್ತೆ ಸುಳ್ಳು ಬೆಣೆ ಇಟ್ಟು, ಅಕ್ಕ ಬಂದ ಮೇಲೆ ಅದನ್ನು ಹೊಡೆದು ತೋರಿಸಿದರಾಯಿತು. ಬಿದ್ದರೆ ತನ್ನ ಮೇಲೆ ಬೀಳಲಿ. ತಪ್ಪು ಅರ್ಧ ತನ್ನದೇ ಅಲ್ಲವೆ.

ಸೂರಿಲ್ಲದ ಚರ್ಚಿನಲ್ಲಿ ಆಕಾಶ ಆಗತಾನೆ ಬೆಳ್ಳಗಾಗುತ್ತಿತ್ತು. ಪಕ್ಕದ ಬಾಗಿಲಿನಿಂದ ಒಳಗೆ ಬಂದು ಎಡಬದಿಯ ಕಂಬಗಳ ಬುಡದಲ್ಲಿ ಕೂತ. ಕೊಡತಿ ಎತ್ತಿ ಮೊದಲ ಏಟು ಹಾಕಿದ. ಬೆಣೆ ಕೂದಲೆಳೆಯಷ್ಟು ಸರಿಯಿತು. ಇನ್ನೊಂದು ಏಟು. ಮೇಲೆಲ್ಲೋ ಮರ ಕಿರ್ರೆಂದಿತು, ತಲೆಯ ಮೇಲೆ ಸುಣ್ಣದ ಪುಡಿ ಉದುರಿತು. ಎರಡೂ ಬದಿ ಸಮನಾಗಿ ಇಳಿಯಬೇಕು. ಅವನೆದ್ದು ಬಲಬದಿಗೆ ಓಡಿ ಅಲ್ಲಿ ಹೊಡೆದ. ಬೆಣೆ ಅಲುಗಲಿಲ್ಲ. ಹೊಡೆದ, ಮತ್ತೆ ಹೊಡೆದ. ಹಿಂದಿನ ವಾರದ ತುಂತುರು ಮಳೆಗೆ ಮರ ಉಬ್ಬಿ ಕಚ್ಚಿಕೊಂಡಿತ್ತು. ಎಡಬದಿಯಲ್ಲಿ ಮತ್ತೆ ಕಿರ್ರೆಂದಿತು. ಅಲ್ಲಿ ಸಡಿಲ, ಇಲ್ಲಿ ಬಿಗಿ. ಅಷ್ಟು ದೊಡ್ಡ ಸೆಂಟ್ರಿಂಗು ಕಮಾನಿನ ಸಮೇತ ಎಡಕ್ಕೆ ವಾಲಲು ಶುರುವಾಗಿತ್ತು.

"ಒಬ್ಬನೇ ಎರಡು ಕಡೆ ಓಡಿದ್ರೆ ಆಗುತ್ತೇನೋ?"

ಬಲಿಪೀಠದ ಮೆಟ್ಟಿಲ ಮೇಲಿಂದ ಅಕ್ಕ ಎದ್ದು ಬಂದಳು. ಎಷ್ಟು ಹೊತ್ತಿನಿಂದ ಅಲ್ಲಿ ಕೂತಿದ್ದಳೋ.

"ಅಕ್ಕ, ಹೊರಗೆ ಹೋಗು. ನಿನ್ನ ಕಾಲಿಗೆ ಬೀಳ್ತೀನಿ."

"ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ಚಿಕ್ಕವನಿದ್ದಾಗ ತಟ್ಟೆ ಒಡೆದು ಹಿತ್ತಲಲ್ಲಿ ಹೂಳ್ತಿದ್ದೆ, ಈಗ ಕಮಾನು ಹೂಳೋಕೆ ಬಂದಿದ್ದೀಯ." ಅವಳು ಆಗಲೇ ಅವನ ಚೀಲದಿಂದ ಇನ್ನೊಂದು ಕೊಡತಿ ತೆಗೆದು ಎಡಬದಿಯಲ್ಲಿ ಮೊಣಕಾಲೂರಿದ್ದಳು. ಸಡಿಲವಾದ ಬೆಣೆಯನ್ನು ವಾಪಸು ಹೊಡೆದು ಬಿಗಿ ಮಾಡಿದಳು. ಕಿರ್ರೆನ್ನುವುದು ನಿಂತಿತು. "ಈ ಕಡೆ ನಾನು ಹಿಡಿದಿದ್ದೀನಿ. ಮೊದಲು ಆ ಕಡೇದು ಬಿಡಿಸು."

ಅವನು ಉಬ್ಬಿದ ಮರವನ್ನು ಉಳಿಯಿಂದ ಕೆತ್ತಿ ದಾರಿ ಮಾಡಿದ. ಬೆವರು ಕಣ್ಣಿಗಿಳಿಯುತ್ತಿತ್ತು. ಕಂಬ, ಅಡ್ಡಪಟ್ಟಿಗಳ ಕಾಡಿನ ನಡುವೆ ಆ ಬದಿಯವರಿಗೆ ಈ ಬದಿಯವರು ಕಾಣುತ್ತಿರಲಿಲ್ಲ.

"ಸುಮ್ಮನೆ ಹೊಡೀಬೇಡ. ಹೇಳಿ ಹೊಡಿ," ಎಂದಳು ಅಕ್ಕ. "ನೀವು ಗಂಡಸರು ಹೇಳದೆ ಮಾಡಿದ ಕೆಲಸ ಸಾಕು."

"ಈಗ," ಎಂದ ಅವನು. ಎರಡು ಕೊಡತಿ ಒಟ್ಟಿಗೆ ಬಿದ್ದವು.

"ಈಗ," ಎಂದಳು ಅವಳು.

ಹಾಗೆ ಒಂದು ಮಾತು, ಒಂದು ಏಟು. ಮೇಲೆ ಕಮಾನು ಮರದ ಜೊತೆಗೇ ಇಳಿಯುತ್ತಿತ್ತು. ನೋಡಿದರೆ ಕಾಣದು, ಸದ್ದು ಕೇಳಿದರೆ ಗೊತ್ತಾಗುವುದು. ಒಂದು ಕಡಲೆ ಗಾತ್ರದ ಚೂರು ಬಿದ್ದು ನೆಲದಲ್ಲಿ ಪುಟಿಯಿತು. ಗಾರೆಯ ಪುಡಿ ಸುರಿಯಿತು. ಅವನು 'ಈಗ' ಎಂದ. ಆ ಬದಿಯ ಏಟು ಬೀಳಲಿಲ್ಲ.

"ಅಕ್ಕ?"

ಅವನು ಕೊಡತಿ ಹಿಡಿದೇ ಅರ್ಧ ಎದ್ದ.

"ಅಕ್ಕಾ."

"ಕಣ್ಣಿಗೆ ಸುಣ್ಣ ಬಿದ್ದಿದೆ, ತಾಳೋ ಮಾರಾಯ. ಹಾಂ, ಹೊಡಿ."

ಹೊಡೆದರು. ಮರ ಇಳಿಯಿತು, ಮೇಲಿನ ಸದ್ದು ನಿಂತಿತು. ಇನ್ನೊಂದು ಏಟಿಗೆ ಮರ ಮತ್ತೆ ಇಳಿಯಿತು, ಮೇಲೆ ನಿಶ್ಶಬ್ದ. ಬಲಿಪೀಠದ ಹಿಂದಿನ ದುಂಡು ಕಿಟಕಿಯಿಂದ ಸೂರ್ಯ ಒಳಗೆ ಬಂದಿದ್ದ. ಬಡಗಿ ತಲೆಯೆತ್ತಿ ನೋಡಿದ. ಕಲ್ಲಿಗೂ ಹಲಗೆಗೂ ನಡುವೆ, ನೆತ್ತಿಯ ಹತ್ತಿರ, ಬೆಳಕಿನ ಸಣ್ಣ ಗೆರೆಯೊಂದು ಕಾಣುತ್ತಿತ್ತು. ಮರ ಕಲ್ಲನ್ನು ಬಿಟ್ಟಿತ್ತು. ಕಮಾನು ತನ್ನ ಕಾಲ ಮೇಲೆ ನಿಂತಿತ್ತು. ಅವನು ಕೊಡತಿ ಕೆಳಗಿಟ್ಟು, ಅಕ್ಕನ ಹತ್ತಿರ ಹೋಗಿ, ಸಣ್ಣ ಮಗುವಿನ ಹಾಗೆ ಅತ್ತ.

ಜನ ಬಂದಾಗ ಸೆಂಟ್ರಿಂಗು ಒಂದು ಗೇಣು ಕೆಳಗಿತ್ತು. ಯಾರೂ ನೋಡದೆ ಬೆಣೆ ಬಿಡಿಸಿದ್ದಕ್ಕೆ ಗೊಣಗಾಟ ಎದ್ದಿತು. ರೂಢಿ ತಪ್ಪಿತಲ್ಲ, ಕಟ್ಟಿದವನ ಮನೆಯವರು ನಿಂತದ್ದಕ್ಕೆ ಸಾಕ್ಷಿ ಎಲ್ಲಿ ಎಂದರು. "ಕಟ್ಟಿದವರನ್ನೇ ಕರೆಸ್ತೀನಿ, ಸುಮ್ನಿರಿ," ಎಂದಳು ಅಕ್ಕ. ನಾಲ್ವರು ಹೋಗಿ ಮೇಸ್ತ್ರಿಯನ್ನು ಕುರ್ಚಿ ಸಮೇತ ಹೊತ್ತು ತಂದು ಸರಿಯಾಗಿ ಕಮಾನಿನ ನಡುವೆ ಇಳಿಸಿದರು. ಅವನು ಕತ್ತು ಹಿಂದಕ್ಕೆ ಹಾಕಿ ಬಹಳ ಹೊತ್ತು ಮೇಲೆ ನೋಡಿದ.

ಬಡಗಿ ಕುರ್ಚಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. "ಭಾವ," ಎಂದ. ಅಷ್ಟು ವರ್ಷದ ಮೇಲೆ ಬಾಯಿಗೆ ಬಂದ ಶಬ್ದ ಅದು. "ಒಂದು ಬೆರಳು ಇಳೀತು. ಇನ್ನೊಂದು ಅಲ್ಲೇ ಉಳೀತು."

ಮೇಸ್ತ್ರಿ ಅರ್ಧ ಬಾಯಲ್ಲಿ ನಕ್ಕ. ಎಡಗೈ ಚಾಚಿ ಮೈದುನನ ಕಿವಿ ಹಿಡಿದು, ನೋವಾಗುವಷ್ಟು ಹಿಂಡಿದ.

ಆ ಉಳಿದ ಒಂದು ಬೆರಳು ಇವತ್ತಿಗೂ ಅಲ್ಲಿದೆ. ಕಿಟಕಿ, ಬಾಗಿಲು ಎಲ್ಲ ದುಂಡಗಿರುವ ಚರ್ಚಿನಲ್ಲಿ ದೊಡ್ಡ ಕಮಾನೊಂದಕ್ಕೆ ಮಾತ್ರ ನೆತ್ತಿಯಲ್ಲಿ ಸಣ್ಣದೊಂದು ಚೂಪು. ಮುಗಿಲಿನತ್ತ ಮನಸ್ಸು ಹೋಗಲಿ ಎಂದು ಬೇಕೆಂದೇ ಹಾಗೆ ಕಟ್ಟಿದ್ದಾರೆ ಎಂದು ಪಾದ್ರಿಗಳು ಬಂದವರಿಗೆ ವಿವರಿಸುತ್ತಿದ್ದರು. ಬಡಗಿ ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. ಒಲೆಗೆ ಹೋಗದೆ ಉಳಿದ ಅವನ ಒಂದೇ ಸೆಂಟ್ರಿಂಗಿನ ಗುರುತು ಅದು, ಅದೂ ಅರ್ಧ ಅವನದು.

ಬೆಣೆ ಬಿಡಿಸಿದ ಮರುವಾರವೇ ಅವನು ಮನೆಯ ಅಟ್ಟದಲ್ಲಿದ್ದ ಬಾಗಿಲನ್ನು ಇಳಿಸಿ, ಒಂದು ಅಂಚು ಕೀಸಿ, ಶಾಲೆಗೆ ಹಾಕಿ ಬಂದ. ಗೋಡೆ ವಾಲಿದೆ ಎಂಬುದನ್ನು ಮಾತ್ರ ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ದಿನಾ ಸಂಜೆ ಭಾವನ ಮಂಚದ ಪಕ್ಕ ಕೂತು ಅದನ್ನೇ ಹೇಳುತ್ತಿದ್ದ. ಊರಿನ ಸುದ್ದಿ, ಮರದ ಸುದ್ದಿ, ಹಳೆಯ ಕಮಾನುಗಳ ಸುದ್ದಿ ಎಲ್ಲ ಹೇಳುತ್ತಿದ್ದ. ಭಾವ ಕಣ್ಣಲ್ಲೇ ಜಗಳವಾಡುತ್ತಿದ್ದ. ಮಾತು ಬರುವವನು ಒಬ್ಬನೇ ಆದ್ದರಿಂದ ಜಗಳ ಎಂದೂ ಮುಗಿಯುತ್ತಿರಲಿಲ್ಲ.

ಮೇಸ್ತ್ರಿ ತೀರಿಕೊಂಡಾಗ ಶವಪೆಟ್ಟಿಗೆಯನ್ನು ಬಡಗಿಯೇ ಮಾಡಿದ. ಅದನ್ನು ಕಮಾನಿನ ಕೆಳಗೆ ಇರಿಸಿದ್ದರು. ಪ್ರಾರ್ಥನೆ ಮುಗಿದು ಜನ ಹೊರಗೆ ಹೋದ ಮೇಲೆ ಅಕ್ಕ ತಮ್ಮ ಇಬ್ಬರೇ ಉಳಿದರು. ಅಕ್ಕ ಮೇಲೆ ನೋಡುತ್ತಾ ಕೇಳಿದಳು.

"ಅವತ್ತು ನೀವಿಬ್ರೂ ಮಾತಾಡಿಕೊಂಡಿದ್ರೆ ಇದು ಹೇಗಿರ್ತಿತ್ತೋ?"

"ದುಂಡಗೆ," ಎಂದ ಬಡಗಿ. "ಸರಿಯಾಗಿ ದುಂಡಗೆ. ಯಾರೂ ತಲೆಯೆತ್ತಿ ನೋಡ್ತಿರಲಿಲ್ಲ."

"ನೋಡದಿದ್ರೆ ಹೋಗಲಿ," ಎಂದಳು ಅಕ್ಕ, ಪೆಟ್ಟಿಗೆಯ ಮೇಲೆ ಕೈಯಿಟ್ಟು. "ಅಷ್ಟು ವರ್ಷ ಇವರ ಮಾತು ನೀನು ಕೇಳಿಸ್ಕೋಬಹುದಿತ್ತು."